ಗಂಡ ಹೆಂಡತಿ ಒಂದೇ ಬಸ್ಸು ಹತ್ತಬಾರದು

ಯಾವ ವಯಸ್ಸಿನಲ್ಲಿ ಮನುಷ್ಯನಿಗೆ ಯಾವ ಚಟ ಅಂಟಿಕೊಳ್ಳುತ್ತದೆ ಎಂದು ಹೇಳಲು ಬರುವುದಿಲ್ಲ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಒಬ್ಬರಿಗೆ ಇಸ್ಪೀಟು, ಇನ್ನೊಬ್ಬರಿಗೆ ಗುಟ್ಕಾ, ಮತ್ತೊಬ್ಬರಿಗೆ ಸೈಟು ನೋಡಿಕೊಂಡು ಬರುವುದು, ಕೊಳ್ಳುವುದಲ್ಲ, ಬರೀ ನೋಡುವುದು. ಇವಕ್ಕೆಲ್ಲ ಸಮಾಜದಲ್ಲಿ ಒಂದು ಸ್ಥಾನವಿದೆ. ಹೆಂಡತಿ ಬೈಯಬಹುದು, ಡಾಕ್ಟರು ಹೆದರಿಸಬಹುದು, ಬಿಟ್ಟೆ ಎಂದು ಎದೆ ಮುಟ್ಟಿಕೊಂಡು ಹೇಳಬಹುದು. ನನ್ನದು ಹೊರಗೆ ಹೇಳಿಕೊಳ್ಳಲೂ ಆಗದ ಚಟ. ನಲವತ್ತು ದಾಟಿದ, ಮೀಸೆ ನರೆತ, ಎರಡು ಮಕ್ಕಳ ತಂದೆಯಾದ ನಾನು ಮಕ್ಕಳ ಕಥೆಪುಸ್ತಕ ಓದುತ್ತೇನೆ. ಅದೂ ಎಂಥದ್ದು ಎಂದರೆ, ತಂದೆತಾಯಿ ಕಳೆದುಕೊಂಡ ಅಕ್ಕ ತಮ್ಮ ಊರಿಂದ ಊರಿಗೆ ಹೋಗಿ ಒಂದು ಕಷ್ಟದಿಂದ ಎದ್ದು ಇನ್ನೊಂದರಲ್ಲಿ ಬೀಳುವ ಕಥೆಗಳು. ಓದುತ್ತ ನಗುತ್ತೇನೆ ಕೂಡ. ಅನಾಥ ಮಕ್ಕಳ ಪಾಡು ನೋಡಿ ನಗುವವನಿಗೆ ಏನನ್ನಬೇಕೋ ನೀವೇ ಹೇಳಿ.

ಶುರುವಾದದ್ದು ಮಗಳು ಅನಘಳಿಂದ. ಆಗ ಐದನೇ ಕ್ಲಾಸಿನ ಹುಡುಗಿ, ಇಂಗ್ಲಿಷು ಸುಧಾರಿಸಲಿ ಎಂದು ರವೀಂದ್ರನಗರದ ನಮ್ಮ ಮನೆಗೆ ಹತ್ತಿರವಿದ್ದ ಬಾಡಿಗೆ ಪುಸ್ತಕದಂಗಡಿಗೆ ಸೇರಿಸಿದ್ದೆ. ಒಂದು ಭಾನುವಾರ ಅವಳು ಚಾಪೆಯ ಮೇಲೆ ಉರುಳಾಡಿ ನಗುತ್ತಿದ್ದಳು. ಏನೇ ಅಷ್ಟು ನಗು ಎಂದೆ. "ಅಪ್ಪ, ಇವರ ಅಪ್ಪ ಅಮ್ಮ ಮೊದಲನೇ ಪೇಜಲ್ಲೇ ಸತ್ತೋಗ್ತಾರೆ," ಎಂದಳು. ನನಗೆ ಗಾಬರಿಯಾಯಿತು. ಮಕ್ಕಳು ಓದಲು ಯೋಗ್ಯವೋ ಅಲ್ಲವೋ ಪರೀಕ್ಷೆ ಮಾಡುತ್ತೇನೆಂದು ಪುಸ್ತಕ ಕಿತ್ತುಕೊಂಡೆ. ತಂದೆತಾಯಿ ದೀಪಸ್ತಂಭ ಹತ್ತಿ ಸಮುದ್ರ ನೋಡಲು ಹೋಗುತ್ತಾರೆ, ಅರ್ಧ ವಾಕ್ಯದಲ್ಲಿ ಅವರ ಕಥೆ ಮುಗಿಯುತ್ತದೆ, ಉಳಿದರ್ಧದಲ್ಲಿ ಲೇಖಕ ಆವತ್ತು ಮನೆಯಲ್ಲಿ ಏನು ಸಾರು ಮಾಡಿದ್ದರು ಎಂದು ವಿವರಿಸುತ್ತಾನೆ. ಆಮೇಲೆ ಮಕ್ಕಳನ್ನು ಪಾರ್ಸೆಲ್ ಕಳಿಸಿದಂತೆ ಒಬ್ಬೊಬ್ಬ ನೆಂಟರ ಮನೆಗೆ ಕಳಿಸುತ್ತಾರೆ. ಕಟ್ಟುಹಲ್ಲು ಮಾರುವ ಚಿಕ್ಕಪ್ಪನೊಬ್ಬ, ಗಿರಾಕಿಗಳಿಗೆ ಕೊಡುವ ಮುಂಚೆ ಹಲ್ಲಿನ ಸೆಟ್ಟುಗಳನ್ನು ಈ ಮಕ್ಕಳ ಬಾಯಿಗೆ ಹಾಕಿ ನೋಡುತ್ತಾನೆ. ಊಟಕ್ಕೆ ಕರೆಯುವ ಹೊತ್ತಿಗೆ ನಾನು ಆ ಪುಸ್ತಕ ಮುಗಿಸಿ, ಇದರ ಮುಂದಿನ ಭಾಗ ಎಲ್ಲಿ ಎಂದು ಮಗಳನ್ನು ಕೇಳುತ್ತಿದ್ದೆ.

ಏನು ಹಿಡಿಸಿತು ಎಂದು ಬಹಳ ಯೋಚಿಸಿದ್ದೇನೆ. ನಾವು ಓದಿಕೊಂಡು ಬಂದ ಕಥೆಗಳಲ್ಲಿ ಅನಾಥ ಎಂದರೆ ಅಳಿಸಲಿಕ್ಕೇ ಇರುವವನು. ಕೊನೆಯಲ್ಲಿ ಒಬ್ಬರು ಶ್ರೀಮಂತರು ಕಾರು ನಿಲ್ಲಿಸಿ ಕರೆದುಕೊಂಡು ಹೋಗುತ್ತಾರೆ. ಇಲ್ಲಿ ಕಾರು ನಿಲ್ಲಿಸಿದವನೂ ಕಳ್ಳನೇ. ಲೇಖಕ ಬೆನ್ನು ಸವರುವುದಿಲ್ಲ, ಎಲ್ಲ ಸರಿಹೋಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಆ ಮಕ್ಕಳೂ ಅತ್ತು ಕೂರುವುದಿಲ್ಲ, ದಾರ ಸೂಜಿ ಹುಡುಕಿಕೊಂಡು ಪಾರಾಗುವ ಉಪಾಯ ಮಾಡುತ್ತವೆ. ದೊಡ್ಡವರೆಲ್ಲ ಪೆದ್ದರು ಎನ್ನುವುದು ಅನಘಳಿಗೆ ಅದರಲ್ಲಿ ಬಹಳ ಹಿಡಿಸಿದ ಸಂಗತಿ. ನನಗೋ, ನನ್ನ ದಿನ ಎಷ್ಟೇ ಕೆಟ್ಟದಾಗಿದ್ದರೂ ಆ ಮಕ್ಕಳದ್ದು ಅದಕ್ಕಿಂತ ಕೆಟ್ಟದಾಗಿತ್ತು ಎನ್ನುವ ಸಮಾಧಾನ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಕೆಲಸವೇ ಅಂಥದ್ದು. ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ನಾನು ಇನ್ಸ್‌ಪೆಕ್ಷನ್ನಿನವನು. ಎರಕ ಹೊಯ್ದು ತಂದ ಪ್ರತಿಯೊಂದು ಪೀಸನ್ನೂ ತಿರುಗಿಸಿ ನೋಡಿ, ಇದು ಎಲ್ಲಿ ಸೀಳಬಹುದು ಎಂದು ಅನುಮಾನ ಪಡುವುದಕ್ಕೆ ನನಗೆ ಸಂಬಳ. ಆ ಅನುಮಾನ ಗೇಟಿನ ಹೊರಗೆ ಬಂದ ಮೇಲೂ ನಿಲ್ಲುವುದಿಲ್ಲ. ನಾಲ್ಕನೇ ಪುಸ್ತಕ ಮುಗಿಸಿದ ದಿನ ಸ್ಕೂಟರಿನಲ್ಲಿ ಹೆಂಡತಿ ಸುಮಳನ್ನು ಕೂರಿಸಿಕೊಂಡು ಬರುತ್ತಿದ್ದೆ, ಲಾರಿಯೊಂದು ಪಕ್ಕದಲ್ಲೇ ಹಾದುಹೋಯಿತು. ಅಷ್ಟೇ. ಅರ್ಧ ವಾಕ್ಯದ ಕೆಲಸವಲ್ಲವೇ ಇದು ಎಂದು ಸ್ಕೂಟರನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದೆ. ನಾವಿಬ್ಬರೂ ಒಟ್ಟಿಗೆ ಹೋದರೆ ಅನಘ, ಅವಳ ತಮ್ಮ ಪುಟ್ಟ, ಇಬ್ಬರನ್ನೂ ಯಾರ ಮನೆಗೆ ಕಳಿಸುತ್ತಾರೆ? ಅವತ್ತಿನಿಂದ ನೆಂಟರನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು. ನನ್ನ ಅಣ್ಣ ಒಳ್ಳೆಯವನೇ, ಆದರೆ ಬೇರೆಯವರ ಮನೆಗೆ ಹೋದರೂ ಎದ್ದು ಫ್ಯಾನು ಆಫ್ ಮಾಡುವ ಮನುಷ್ಯ. ಅತ್ತಿಗೆ ದಿನಾ ಬೆಳಿಗ್ಗೆ ಮನೆಮಂದಿಗೆಲ್ಲ ಹಾಗಲಕಾಯಿ ರಸ ಕುಡಿಸುತ್ತಾಳೆ. ಸುಮಳ ತಮ್ಮ ರಘು ಭದ್ರಾವತಿಯ ಜನ್ನಾಪುರದಲ್ಲಿದ್ದಾನೆ, ಮಕ್ಕಳಿಗೆ ಅವನೆಂದರೆ ಪ್ರಾಣ, ಆದರೆ ಬೈಕಿಗೆ ಮೂರು ಜನರನ್ನು ಹತ್ತಿಸಿಕೊಂಡು ಕೈ ಬಿಟ್ಟು ಓಡಿಸುತ್ತಾನೆ. ಹೀಗೆ ಒಬ್ಬೊಬ್ಬರನ್ನೂ ತಿರುಗಿಸಿ ನೋಡಿದೆ. ಒಂದು ಪೀಸೂ ಪಾಸಾಗಲಿಲ್ಲ.

ಕೊನೆಗೆ ಒಂದು ನಿಯಮ ಮಾಡಿದೆ. ಊರು ಬಿಟ್ಟು ಹೋಗುವಾಗ ಗಂಡ ಹೆಂಡತಿ ಒಂದೇ ವಾಹನ ಹತ್ತುವಂತಿಲ್ಲ. ಅವಳು ಮಕ್ಕಳ ಜೊತೆ ಮುಂದಿನ ಬಸ್ಸಿಗೆ, ನಾನು ಅದರ ಹಿಂದಿನ ಬಸ್ಸಿಗೆ. ಸುಮ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ ನನ್ನನ್ನೇ ನೋಡಿದಳು. "ಏನ್ರೀ, ನಿಮ್ಗೇನು ತಲೆ ಕೆಟ್ಟಿದ್ಯಾ? ಜನ ಏನಂತಾರೆ?" ಜನರಿಗೇನು ಗೊತ್ತಾಗುತ್ತದೆ ಮಾರಾಯ್ತಿ ಎಂದೆ. ಆಗ ನಮ್ಮ ಮನೆಯಲ್ಲೇ ಇದ್ದ ಅತ್ತೆಯವರಿಗೆ ಕಾರಣ ಹೇಳಲು ಬಾಯಿ ತೆರೆದರೆ, ಅವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. "ದೀಪ ಹಚ್ಚೋ ಹೊತ್ತಲ್ಲಿ ಅನಾಥ ಗಿನಾಥ ಅನ್ಬೇಡಿ ಅಳಿಯಂದ್ರೇ. ಮನೆ ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಅಸ್ತು ಅಂದುಬಿಟ್ರೆ ಏನ್ಮಾಡ್ತೀರಿ?" ಅಲ್ಲಿಗೆ ಆ ಮಾತು ಅವರ ಪಾಲಿಗೆ ಹುಟ್ಟಲೇ ಇಲ್ಲ.

ನಿಯಮ ಜಾರಿಗೆ ಬಂದದ್ದು ರಘುವಿನ ಮಗುವಿನ ನಾಮಕರಣದ ದಿನ. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಸುಮ. ಅವಳಿಲ್ಲದೆ ಹೆಸರಿಲ್ಲ. ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ರೇಷ್ಮೆ ಸೀರೆಯುಟ್ಟ ಸುಮಳನ್ನೂ ಎರಡು ಮಕ್ಕಳನ್ನೂ ತೊಟ್ಟಿಲಿಗೆ ಹಾಕುವ ಬಟ್ಟೆಯ ಚೀಲವನ್ನೂ ಒಂದು ಬಸ್ಸಿಗೆ ಹತ್ತಿಸಿದೆ. "ಈಗ್ಲೂ ಕಾಲ ಮಿಂಚಿಲ್ಲ, ಹತ್ತಿ," ಎಂದಳು ಕಿಟಕಿಯಿಂದ. ಹೋಗಿ ಹೋಗಿ ಎಂದೆ. ಹಿಂದಿನ ಬಸ್ಸಿನಲ್ಲಿ ನನಗೆ ಕಿಟಕಿ ಸೀಟು ಸಿಕ್ಕಿತು. ಮಗಳು ಓದಿ ಮುಗಿಸಿದ್ದ ಹೊಸ ಭಾಗ ಕಂಕುಳಲ್ಲಿತ್ತು. ಮನಸ್ಸು ನಿರಾಳವಾಗಿತ್ತು. ಕುಟುಂಬದ ಕ್ಷೇಮಕ್ಕೆ ಮಾಡಬೇಕಾದದ್ದನ್ನೆಲ್ಲ ಮಾಡಿದ ಯಜಮಾನ ನಾನು.

ಪುಸ್ತಕದಲ್ಲಿ ಅಕ್ಕ ತಮ್ಮ ಉಪ್ಪಿನ ಗೋದಾಮಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹೊರಗೆ ಬೀಗ, ಒಳಗೆ ಅವರಿಗಿಂತ ಮುಂಚೆ ಸಿಕ್ಕಿಹಾಕಿಕೊಂಡ ಒಬ್ಬ ಸಂಗೀತದ ಮೇಷ್ಟ್ರು, ಆತ ಪಾರಾಗುವ ದಾರಿ ಹುಡುಕುವುದು ಬಿಟ್ಟು ಇವರಿಗೆ ಸ್ವರ ಕಲಿಸಲು ಕೂತಿದ್ದಾನೆ. ನಗು ತಡೆಯಲಾಗದೆ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದಿದ್ದೆ. ಮಧ್ಯೆ ಎಲ್ಲೋ ಬಸ್ಸು ನಿಧಾನವಾಯಿತು, ಜನ ನನ್ನ ಮೇಲೆ ಬಗ್ಗಿ ಕಿಟಕಿಯಾಚೆ ಏನೋ ನೋಡಿದರು, ಪಕ್ಕದವರು ಪಾಪ ಎಂದು ಏನೋ ಹೇಳಿದರು. ನಾನು ಹೌದಲ್ವಾ ಎಂದು ಪುಟ ತಿರುಗಿಸಿದೆ.

ಜನ್ನಾಪುರದ ಮನೆಯಲ್ಲಿ ಶಾಮಿಯಾನ, ಬಾಳೆಕಂಬ, ಪಾಯಸದ ವಾಸನೆ. ಅತ್ತೆಯವರು ನೀರು ಕೊಟ್ಟು ನನ್ನ ಬೆನ್ನ ಹಿಂದೆ ಇಣುಕಿದರು. "ಸುಮ ಎಲ್ಲಿ? ಮಕ್ಕಳೆಲ್ಲಿ?" ಇನ್ನೂ ಬಂದಿಲ್ವಾ ಎಂದೆ. ನನಗಿಂತ ಮುಂಚಿನ ಬಸ್ಸಿಗೆ ಹತ್ತಿಸಿದ್ದೆನಲ್ಲ ಎಂದೂ ಹೇಳಿದೆ. ತಿರುಗಿ ರಸ್ತೆಯ ಕಡೆ ನೋಡಿದೆ. ಅತ್ತೆಯವರ ಮುಖ ಸಣ್ಣಗಾಯಿತು, ಆದರೆ ಬೇರೆ ಕಾರಣಕ್ಕೆ. ನನ್ನನ್ನು ಅಕ್ಕಿಮೂಟೆ ಇಟ್ಟ ಕೋಣೆಗೆ ಕರೆದರು. "ನೋಡಿ, ಸುಮಂಗೆ ಸ್ವಲ್ಪ ಮುಂಗೋಪ. ನೀವೇ ಅನುಸರಿಸ್ಕೊಂಡು ಹೋಗ್ಬೇಕು." ಜಗಳ ಏನಿಲ್ಲ ಅತ್ತೆ ಎಂದೆ. ಜಗಳವಿಲ್ಲದೆ ಯಾರು ಬೇರೆ ಬೇರೆ ಬಸ್ಸಿನಲ್ಲಿ ಬರುತ್ತಾರೆ ಎಂದರು. ಕಾರಣ ಹೇಳೋಣವೆಂದರೆ, ಹೆಸರಿಡುವ ಮನೆಯಲ್ಲಿ, ತೊಟ್ಟಿಲ ಪಕ್ಕದಲ್ಲಿ ನಿಂತು, ನಾವಿಬ್ಬರೂ ಸತ್ತರೆ ಎಂದು ಯಾವ ಬಾಯಲ್ಲಿ ಹೇಳಲಿ? ಅಷ್ಟರಲ್ಲಿ ಮಾವನವರೂ ಬಂದರು. ಕಾರ್ಖಾನೆಯಲ್ಲಿ ಇಡೀ ಸರ್ವಿಸು ಯೂನಿಯನ್ನು ಮಾಡಿ ರಿಟೈರ್ ಆದವರು. ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದುಕೊಂಡು, "ಏನೇ ಇದ್ರೂ ಕೂತು ಮಾತಾಡಿ ಬಗೆಹರಿಸ್ಕೊಳ್ಳೋಣ. ನಾನು ಎರಡೂ ಕಡೆ ಕೇಳ್ತೀನಿ. ಮೊದ್ಲು ನೀವು ಹೇಳಿ," ಎಂದರು.

ನನಗೆ ಆಗ ಜಗಳವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಪಕ್ಕದವರು ಪಾಪ ಎಂದದ್ದು ನೆನಪಾಗುತ್ತಿತ್ತು. ಪಾಪ ಯಾರು? ಏನಾಗಿತ್ತು? ಅದರ ಮುಂದೆ ಅವರೇನು ಹೇಳಿದರು ಎಂದು ಎಷ್ಟು ತಡಕಾಡಿದರೂ ನೆನಪಿಗೆ ಬರುವುದು ಆ ಸಂಗೀತದ ಮೇಷ್ಟ್ರು ಮಾತ್ರ. ಮೊಬೈಲು ಆಗ ನಮ್ಮಂಥವರ ಕೈಗೆ ಬಂದಿರಲಿಲ್ಲ. ಮಾವನವರಿಗೆ ಏನು ಹೇಳಿದೆನೋ ಗೊತ್ತಿಲ್ಲ, ಎದ್ದು ಬಸ್‌ಸ್ಟಾಪಿಗೆ ಬಂದೆ. ಒಂದು ಬಸ್ಸು ಬಂತು, ಇಳಿದವರಲ್ಲಿ ಅವರಿಲ್ಲ. ಇನ್ನೊಂದು ಬಂತು, ಅದರಲ್ಲೂ ಇಲ್ಲ. ಮಕ್ಕಳು ತಬ್ಬಲಿಗಳಾಗಬಾರದು ಎಂದು ನಾನು ಹೂಡಿದ ಉಪಾಯ ಆಗ ನನ್ನ ಎದುರಿಗೇ ಬಿಚ್ಚಿಕೊಂಡಿತು. ಮೂರೂ ಜನರನ್ನು ಒಂದೇ ಬಸ್ಸಿಗೆ ಹತ್ತಿಸಿ ಉಳಿಸಿಕೊಂಡದ್ದು ಯಾರನ್ನು? ನನ್ನೊಬ್ಬನನ್ನು. ಅವರು ಬರದಿದ್ದರೆ ನನ್ನನ್ನು ಯಾವ ನೆಂಟರ ಮನೆಗೆ ಕಳಿಸುತ್ತಾರೆ? ಕಣ್ಣು ತುಂಬಿಕೊಂಡಿತು. ಹಿಂದೆಯೇ ಬಂದ ರಘು ಏನೂ ಕೇಳದೆ ಬೈಕು ತಂದು ನಿಲ್ಲಿಸಿ, "ಹತ್ತಿ ಭಾವ, ನೋಡ್ಕೊಂಡು ಬರೋಣ," ಎಂದ. ನಾನು ಹತ್ತಿದೆ. ಕೈ ಬಿಟ್ಟು ಓಡಿಸಿದರೂ ಸರಿ, ಬೇಗ ಹೋದರೆ ಸಾಕಿತ್ತು.

ಬೈಕು ತಿರುಗಿಸುವಷ್ಟರಲ್ಲಿ ಎದುರಿಗೆ ಒಂದು ಲಗೇಜ್ ಆಟೋ ಬಂದು ನಿಂತಿತು. ಹಿಂದೆ ಎಲೆಕೋಸಿನ ಮೂಟೆಗಳು, ಮೂಟೆಗಳ ಮೇಲೆ ನನ್ನ ಎರಡು ಮಕ್ಕಳು. ಮುಂದೆ ಡ್ರೈವರ್ ಪಕ್ಕದಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರೇಷ್ಮೆ ಸೀರೆಯ ಸುಮ. ಎಲ್ಲರೂ ಮನೆ ಮುಟ್ಟಿದಾಗ ಪುರೋಹಿತರು ರಾಹುಕಾಲ ಬಂತು ಎಂದು ಗೊಣಗುತ್ತಿದ್ದರು. ಅವಳು ನನ್ನ ಕಡೆ ನೋಡದೆ ನೇರ ಒಳಗೆ ಹೋಗಿ, ಕೈಕಾಲು ತೊಳೆದು, ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು.

ಊಟದ ಪಂಕ್ತಿಯಲ್ಲಿ ಅತ್ತೆಯವರು ಮೊಮ್ಮಗಳನ್ನು ಮೆಲ್ಲಗೆ ಕೇಳಿದರು, ಯಾಕೆ ಪುಟ್ಟಿ ಇಷ್ಟು ತಡ ಎಂದು. ಅನಘಳಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. "ಮಾಚೇನಹಳ್ಳಿ ಹತ್ರ ಬಸ್ಸು ಕೆಟ್ಟೋಯ್ತು ಅಜ್ಜಿ. ಬೇರೆ ಬಸ್ಸೆಲ್ಲ ಫುಲ್ಲು, ಅಮ್ಮಂಗೆ ಚೀಲ ಹಿಡ್ಕೊಂಡು ಹತ್ತಕ್ಕೇ ಆಗ್ಲಿಲ್ಲ. ಅಪ್ಪನ ಬಸ್ಸು ನಮ್ಮ ಮುಂದೇನೇ ಹೋಯ್ತು. ಅಪ್ಪ ಕಿಟಕಿ ಹತ್ರನೇ ಕೂತಿದ್ದ. ನಾವು ಮೂರೂ ಜನ ಕೂಗಿದ್ವಿ, ಕೈ ಮಾಡಿದ್ವಿ. ಅಪ್ಪ ಪುಸ್ತಕ ಓದ್ಕೊಂಡು ನಗ್ತಿದ್ದ." ಬಡಿಸಲು ಬಂದಿದ್ದ ಸುಮ ನನ್ನ ಎಲೆಗೆ ಅನ್ನ ಹಾಕಿ, "ಬೇರೆ ಬಸ್ಸಲ್ಲಿ ಬಂದ್ರಲ್ಲ, ಒಳ್ಳೇದೇ ಆಯ್ತು ಬಿಡಿ. ಇಲ್ದಿದ್ರೆ ಕಥೆ ಅರ್ಧಕ್ಕೆ ನಿಲ್ತಿತ್ತು," ಎಂದು ಮುಂದಿನ ಎಲೆಗೆ ಹೋದಳು. ಎರಡೂ ಕಡೆ ಕೇಳುತ್ತೇನೆ ಎಂದಿದ್ದ ಮಾವನವರು ನನ್ನ ಕಡೆಯದನ್ನು ಮತ್ತೆ ಕೇಳಲೇ ಇಲ್ಲ.

ಸಂಜೆ ಒಂದೇ ಬಸ್ಸಿನಲ್ಲಿ ಹೊರಟೆವು. ಪುಟ್ಟ ಸುಮಳ ತೊಡೆಯ ಮೇಲೆ ನಿದ್ದೆ ಹೋದ. ಅನಘ ನನ್ನ ಪಕ್ಕ ಕೂತು, ನನ್ನ ಕಂಕುಳಿನಿಂದ ಪುಸ್ತಕ ಎಳೆದುಕೊಂಡು ಎರಡನೇ ಸಲ ಓದಲು ತೊಡಗಿದಳು. ಉಪ್ಪಿನ ಗೋದಾಮಿನ ಪುಟ. ಮಕ್ಕಳು ಅಲ್ಲಿಂದ ಹೇಗೆ ಹೊರಬಿದ್ದರು ಎನ್ನುವ ಜಾಗಕ್ಕೆ ನಾನಿನ್ನೂ ಬಂದಿರಲಿಲ್ಲ. ಅವಳ ಭುಜದ ಮೇಲಿಂದ ಮೆಲ್ಲಗೆ ಇಣುಕಿದೆ. ಅವಳು ಪುಸ್ತಕ ಅರ್ಧ ಮುಚ್ಚಿ, ಕೋಪವೇನೂ ಇಲ್ಲದೆ, ತಮ್ಮನಿಗೆ ಹೇಳುವ ಧಾಟಿಯಲ್ಲಿ ಹೇಳಿದಳು:

"ಅಪ್ಪ, ನೀನು ಕಿಟಕಿ ನೋಡು."

ಶಿವಮೊಗ್ಗ ಬರುವ ತನಕ ನಾನು ಕಿಟಕಿಯನ್ನೇ ನೋಡಿದೆ.