ಬೀರುವಿನಲ್ಲಿ ಏಳು ಮಂದಿ ಸಾಹೇಬರು

ಜಗದಾಂಬಳಿಗೆ ಹನ್ನೊಂದು ವರ್ಷದ ಕೂಲಿ ಬರಬೇಕು. ಕೊಡಬೇಕಾದವನು ಸಾಹುಕಾರನಲ್ಲ, ಕಂಟ್ರಾಕ್ಟರನಲ್ಲ; ಕಟ್ಟಿಕೊಂಡ ಗಂಡ ಪರ್ವತಯ್ಯ. ಕೂಲಿಗಾಗಿ, ನೀರಿಗಾಗಿ, ಬಗರ್‌ಹುಕುಂ ಜಮೀನಿಗಾಗಿ ನಾಲ್ಕು ತಾಲ್ಲೂಕಿನ ಕಚೇರಿಗಳ ಮುಂದೆ ಹಸಿರು ಶಾಲು ಹೊದ್ದು ಕೂತು, ಲಾಠಿ ತಿಂದು, ಎರಡು ಸಲ ಜೈಲು ಕಂಡು ಬಂದ ಪರ್ವತಯ್ಯ. ಕೂಲಿ ಬಾಕಿ ಉಳಿಸಿಕೊಂಡವರನ್ನು ಅವನು ಕರೆಯುತ್ತಿದ್ದ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮೊಣಕಾಲು ಸವೆದು ಧರಣಿ ಕೂರಲಾಗದೆ ಹೋದ ಮೇಲೆ ಅವನಿಗೆ ಒಂದು ಹುಚ್ಚು ಹತ್ತಿತು: ಬ್ರಿಟಿಷ್ ಕಾಲದ ಸೇನಾಧಿಕಾರಿಗಳ ದರ್ಬಾರು ಉಡುಪು ಕೂಡಿಹಾಕುವುದು. ಹಳೇ ಬಟ್ಟೆಯ ಮೂಟೆಯಲ್ಲಿ ಸಿಕ್ಕಿತೆಂದು ಮೊದಲ ಕೆಂಪು ಕೋಟನ್ನು ತೋರಿಸಿದವನು ಶಿರಾದ ದರ್ಜಿ ಗುಲಾಮ್ ಮೊಹಿದ್ದೀನ್. ನೆಟ್ಟಗೆ ನಿಲ್ಲುವ ಕಾಲರು, ಹೆಗಲ ಮೇಲೆ ಜರಿಯ ಕುಚ್ಚು, ಸಿಂಹದ ಮುದ್ರೆಯ ಹಿತ್ತಾಳೆ ಗುಂಡಿ. ಒಂದು ಎರಡಾಯಿತು, ಎರಡು ಏಳಾಯಿತು. ಏಳೂ ಹೋಗಿ ಕೂತದ್ದು ಜಗದಾಂಬಳ ತವರಿನವರು ಮದುವೆಗೆ ಕೊಟ್ಟ ಬೀರುವಿನಲ್ಲಿ. ಅವಳ ಸೀರೆಗಳು ಗೊಬ್ಬರದ ಚೀಲ ಸೇರಿ ಮಂಚದ ಕೆಳಗೆ ಹೋದವು.

ಬಿಳಿಯರ ಬಟ್ಟೆ ನಿನಗ್ಯಾಕೆ ಎಂದು ರೈತಸಂಘದವರು ಕೇಳಿದರೆ ಪರ್ವತಯ್ಯನ ಬಳಿ ಉತ್ತರ ಸಿದ್ಧವಿರುತ್ತಿತ್ತು. “ಇದು ಸಂಗ್ರಹ ಅಲ್ಲ ಕಣ್ರಯ್ಯ, ಸೆರೆ. ನಮ್ಮನ್ನಾಳಿದೋರ್ನ ನಮ್ಮನೆ ಬೀರುನಾಗೆ ಕೂಡಾಕಿವ್ನಿ.”

“ಅದ್ಸರಿ,” ಎನ್ನುತ್ತಿದ್ದಳು ಜಗದಾಂಬ ಒಳಗಿನಿಂದ, “ಕೈದಿಗಳ ಚಾಕ್ರಿ ಮಾಡೋ ಜೈಲರಮ್ಮಂಗೆ ಸಂಬಳ ಎಷ್ಟು ಅಂತ್ಲೂ ಯೋಳಿ.”

(ಹನ್ನೊಂದು ವರ್ಷದ ಚಾಕರಿಯೆಂದರೆ ಸಾಮಾನ್ಯದ್ದಲ್ಲ. ಅಮಾವಾಸ್ಯೆಗೊಮ್ಮೆ ಏಳೂ ಕೋಟುಗಳನ್ನು ಎಳೆಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಜೇಬುಗಳಿಗೆ ಹೊಸ ಬೇವಿನ ಸೊಪ್ಪು ತುಂಬಿ, ಗುಂಡಿಗಳನ್ನು ಹುಣಸೆಹಣ್ಣಿನಲ್ಲಿ ಬೆಳಗಬೇಕು. ಪರ್ವತಯ್ಯ ಜಗಲಿಯ ಮೇಲೆ ಕೂತು ‘ಹುಷಾರು’ ಎನ್ನಬೇಕು. ಕೆಲಸದ ಹಂಚಿಕೆ ಹೀಗಿತ್ತು.)

ಹೋದ ಬೇಸಿಗೆಯಲ್ಲಿ ಮೈಸೂರಿನ ಪ್ರಸನ್ನಕುಮಾರ್ ಎಂಬಾತ, ಹಳೇ ಉಡುಪುಗಳ ಮೇಲೆ ಪುಸ್ತಕ ಮಾಡುತ್ತಿರುವವನು, ಭಾನುವಾರ ಬಂದು ಕೋಟುಗಳ ಫೋಟೊ ತೆಗೆಯುತ್ತೇನೆಂದು ಫೋನು ಮಾಡಿದ. ಪರ್ವತಯ್ಯ ಹಿಗ್ಗಿಹೋದ.

“ಲೇ ಜಗದಾಂಬ, ಎಲ್ಲಾನೂ ತಗ್ದು ಬಡ್ದು ಮಡ್ಗು.”

“ನನ್ನ ಬೀರು ಬುಟ್ಕೊಟ್ರೆ ಬಡೀತೀನಿ.”

“ಮತ್ತೆ ಕೋಟು ಎಲ್ಲಿ ಮಡ್ಗಾನ?”

“ಗೊಬ್ಬರದ ಚೀಲ ಐತಲ್ಲ. ನನ್ನ ಧಾರೆಸೀರೆ ಹಿಡ್ಸಿರೋ ಚೀಲ್ದಾಗೆ ಸಾಹೇಬ್ರು ಹಿಡ್ಸಲ್ವಾ?”

ಮಾತುಕತೆ ಮುರಿದುಬಿತ್ತು. ಪರ್ವತಯ್ಯ ತಾನೇ ಕೆಲಸಕ್ಕಿಳಿದ. ಏಳರಲ್ಲಿ ಶ್ರೇಷ್ಠವಾದ ಕೆಂಪು ಕೋಟು ಬಾಡಿದ ಬದನೆಕಾಯಿಯಂತೆ ಜೋತುಬಿದ್ದಿತ್ತು. ಉಣ್ಣೆ ಬಿಗಿಯಾಗಲು ಏನು ಮಾಡಬೇಕು? ತಾವರೆಕೆರೆ ಕಡೆ ಕಂಬಳಿ ನೇಯುವವರು ಹುಣಸೆಬೀಜದ ಗಂಜಿ ಬಳಿಯುವುದನ್ನು ಅವನು ಚಿಕ್ಕಂದಿನಿಂದ ಕಂಡವನು. ಕಂಬಳಿಯೂ ಉಣ್ಣೆ, ಕೋಟೂ ಉಣ್ಣೆ. ಉಣ್ಣೆಗೆ ಜಾತಿಯಿಲ್ಲ ಎಂಬುದು ಅವನ ಸಿದ್ಧಾಂತ. ಭಾನುವಾರ ಬೆಳಗ್ಗೆ ಒಂದು ದಬರಿ ಗಂಜಿ ಕಾಯಿಸಿ ಒಳಗೂ ಹೊರಗೂ ಬಳಿದ. ಮೈಯ ಅಳತೆಗೇ ಒಣಗಲಿ ಎಂದು ಅದನ್ನು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿ, ತಾರಸಿ ಹತ್ತಿ ನಿಂತ. ಅವರೂರು ಮಧುಗಿರಿಯಲ್ಲಿ ಬಿಸಿಲು ಎರಡು ಸಲ ಬೀಳುತ್ತದೆ. ಒಮ್ಮೆ ಆಕಾಶದಿಂದ, ಇನ್ನೊಮ್ಮೆ ಬೆಟ್ಟದ ಬಂಡೆಯಿಂದ. ಕಣ್ಣು ಕುಕ್ಕಿತು. ಬಲಗೈಯನ್ನು ಹಣೆಗೆ ಅಡ್ಡ ಹಿಡಿದು, ಪ್ರಸನ್ನಕುಮಾರನ ಕಾರಿನ ದಾರಿ ನೋಡುತ್ತಾ ಒಂದೂವರೆ ಗಂಟೆ ನಿಂತ.

ಕಾರು ಬಂತು. ಕೈ ಇಳಿಯಲಿಲ್ಲ.

ಕೋಟು ಹಲಗೆಯಾಗಿತ್ತು. ಕಾಜಗಳು ಗುಂಡಿಗಳನ್ನು ಕಚ್ಚಿಕೊಂಡಿದ್ದವು. ಎಡಗೈ ಪಕ್ಕೆಗೆ ಅಂಟಿತ್ತು. ಹೊರಗಿನ ಮೆಟ್ಟಿಲಲ್ಲಿ ಒಂದೊಂದೇ ಹೆಜ್ಜೆಯಿಟ್ಟು ಬೀದಿಗಿಳಿದರೆ, ಮನೆಯ ಹೊಸ್ತಿಲ ಮೇಲೆ ಜಗದಾಂಬ ಅಡ್ಡ ಕೂತಿದ್ದಳು. ಹೆಗಲ ಮೇಲೆ ಅವನದೇ ಹಸಿರು ಶಾಲು. ಸುತ್ತ ಅರ್ಧ ಬೀದಿ ನೆರೆದಿತ್ತು. ಹಸಿರು ಶಾಲಿನ ಮುಂದೆ ಕೆಂಪು ಕೋಟಿನ ಸಾಹೇಬ ಸಲ್ಯೂಟು ಹೊಡೆದು ನಿಂತ.

ಪ್ರಸನ್ನಕುಮಾರ್ ಕಾರಿನಿಂದಿಳಿದು ಫೋಟೊ ತೆಗೆದ.

ಕೋಟುಗಳ ಕತೆ ಹೇಳಲೆಂದು ಶಿರಾದಿಂದ ಬಂದಿದ್ದ ಗುಲಾಮ್ ಮೊಹಿದ್ದೀನನ ಜೇಬಿನಲ್ಲಿ ಕತ್ತರಿಯಿತ್ತು. “ಸಾಬ್ರೆ, ಹೊಲಿಗೆ ಬಿಚ್ಚಿ,” ಎಂದ ಪರ್ವತಯ್ಯ, ತಲೆ ತಿರುಗಿಸಲಾಗದೆ.

“ಅಮ್ಮಾವ್ರು ಧರಣಿ ಕುಂತವ್ರಲ್ಲ ಅಣ್ಣ. ಧರಣಿ ಟೈಮ್ನಾಗೆ ಕೆಲ್ಸ ಮುಟ್ಟೋನು ದಗಾಕೋರ ಅಂತ ಶಿರಾ ಬಸ್‌ಸ್ಟ್ಯಾಂಡ್ನಾಗೆ ಭಾಷ್ಣ ಮಾಡಿದ್ದು ನೀವೇಯ.”

ಪರ್ವತಯ್ಯ ಹೆಂಡತಿಯ ಕಡೆ ಇಡೀ ದೇಹವನ್ನೇ ತಿರುಗಿಸಿದ. “ಮೊದ್ಲು ಒಳಕ್ಕೆ ಬುಡು, ಆಮ್ಯಾಕೆ ಮಾತಾಡಾನ.”

“ಅಂಗಂತ ತಾಸೀಲ್ದಾರ ಅಂದಿದ್ರೆ ನೀವು ಎದ್ದು ಬತ್ತಿದ್ರಾ? ಬರವಣಿಗೇಲಿ ಕೊಡಿ.”

“ಬೆವರು ಕಿತ್ಕಂಡು ಬತ್ತಾ ಐತೆ ಕಣೇ.”

“ನಂಗೂ ಹನ್ನೊಂದು ವರ್ಷ ಬಂತು.”

ಕಾಗದ ಅವಳ ಮಡಿಲಲ್ಲೇ ಇತ್ತು. ಬೀರು ಇವತ್ತೇ ಖಾಲಿ, ಇನ್ನು ಮುಂದೆ ಕೋಟಿನ ಚಾಕರಿ ಕೋಟಿನವನದೇ, ಹಳೇ ಕೂಲಿ ಕಂತಿನಲ್ಲಿ. ಓದಿಸಿಕೊಳ್ಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ ಎಂದು ಊರೂರಲ್ಲಿ ಹೇಳಿದವನು ಪರ್ವತಯ್ಯ. ಆದ್ದರಿಂದ ಅವಳು ಎರಡು ಸಲ ಗಟ್ಟಿಯಾಗಿ ಓದಿದಳು. ರುಜು ಹಾಕಲು ಕೈ ಬಾರದು. ಎಡಗೈಯ ಹೆಬ್ಬೆರಳಿಗೆ ಅವಳೇ ಇಂಕು ಸವರಿ, ಪಕ್ಕೆಯ ಬಳಿಯೇ ಕಾಗದ ಹಿಡಿದು ಒತ್ತಿಸಿಕೊಂಡಳು. ಆಮೇಲೆ ಅವನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಬಿಸಿನೀರು ಹುಯ್ದು ಹುಯ್ದು ಕೋಟನ್ನು ಸುಲಿದಳು. ಅವನ ಎದೆ ಒಂದು ವಾರ ಕೆಂಪಗಿತ್ತು.

ಏಳು ಮಂದಿ ಸಾಹೇಬರು ಈಗ ಮಂಚದ ಕೆಳಗೆ ಗೊಬ್ಬರದ ಚೀಲದಲ್ಲಿದ್ದಾರೆ. ಅಮಾವಾಸ್ಯೆಗೆ ಬಡಿಯುವವನು ಪರ್ವತಯ್ಯ. ಜಗಲಿಯ ಮೇಲೆ ಕೂತು ‘ಹುಷಾರು’ ಎನ್ನುವವಳು ಜಗದಾಂಬ. ಪುಸ್ತಕವೂ ಬಂದಿದೆ. ಅದರಲ್ಲಿ ಆ ಫೋಟೊದ ಕೆಳಗೆ ‘ಶ್ರೀಮತಿ ಜಗದಾಂಬ, ಮಧುಗಿರಿ’ ಎಂದಷ್ಟೇ ಅಚ್ಚಾಗಿದೆ. ಸಲ್ಯೂಟು ಹೊಡೆಯುತ್ತಿರುವವನ ಹೆಸರಿಲ್ಲ. ಹಳೇ ಕೂಲಿಯ ಮೊದಲ ಕಂತು ಮಾತ್ರ ಇನ್ನೂ ಬಂದಿಲ್ಲ.

ಓದಿ ನಕ್ಕಿರಲ್ಲ, ಒಳ್ಳೆಯದು. ಈಗ ಎದ್ದು ಹೋಗಿ ನಿಮ್ಮ ಮನೆಯ ಬೀರು ತೆಗೆಯಿರಿ. ಅದರಲ್ಲಿ ಮನೆಯಾಕೆಯ ಖಾನೆ ಯಾವುದು, ತೋರಿಸಿ.