ಕೊಪ್ಪದಲ್ಲೊಂದು ಬರೆಸುವ ಕಂಪನಿ

ಜನರ ಕೈಯಲ್ಲಿ ಬರೆಸುವ ಕೆಲಸಕ್ಕೆ ಇಳಿದ ಮೇಲೆ ನಗುವುದಕ್ಕೆ ನಾವು ಬೇರೆಲ್ಲಿಗೂ ಹೋಗಬೇಕಾಗಲಿಲ್ಲ. ವಾರಕ್ಕೊಂದಾದರೂ ಪ್ರಸಂಗ ತಾನಾಗಿ ನಮ್ಮ ಮೆಟ್ಟಿಲು ಹತ್ತಿ ಬರುತ್ತಿತ್ತು.

ಕೊಪ್ಪಕ್ಕೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಜನ ಬರುವುದು ನಿಂತಿತ್ತು. ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ನನ್ನ ಅಕ್ಕನ ಗಂಡ ಒಂದು ದಿನ ಬಂದು, "ಮಾರಾಯ್ತಿ, ಇಂಟರ್ನೆಟ್ಟಲ್ಲಿ ಎಷ್ಟೊಂದು ಮೇಲ್ ಗುಂಪುಗಳಿವೆ ಗೊತ್ತುಂಟಾ? ಅಡಿಕೆ ಬೆಳೆಗಾರರದ್ದು, ಅಡುಗೆಯವರದ್ದು, ಹಳೇ ವಿದ್ಯಾರ್ಥಿಗಳದ್ದು. ಸೇರುವಾಗ ಭಾರೀ ಉತ್ಸಾಹ. ಎರಡು ತಿಂಗಳಾದ ಮೇಲೆ ಬರೀ ಶುಭೋದಯ. ನಾವು ಇವರನ್ನು ಕೂರಿಸಿ ಬರೆಸುವ" ಎಂದರು.

ಹಾಗೆ ಶುರುವಾಯಿತು ನಮ್ಮ ಕಂಪನಿ. ಒಂದು ಗುಂಪು, ಇಪ್ಪತ್ತು ಜನ, ಮೂರು ವಾರ, ತಲೆಗಿಷ್ಟು ಫೀಸು. ದಿನಕ್ಕೊಬ್ಬರು ಬರೆಯಬೇಕು, ಉಳಿದವರು ಓದಿ ಅಭಿಪ್ರಾಯ ಹೇಳಬೇಕು. ಇದನ್ನು ಸ್ಟಾರ್ಟಪ್ ಅನ್ನುತ್ತಾರೆ ಎಂದು ಭಾವ ಹೇಳಿದಾಗ ಅಕ್ಕ ಕೇಳಿದಳು: "ಇಬ್ಬರಿಗೂ ಕೆಲಸ ಇಲ್ಲ ಅನ್ನೋದಕ್ಕೆ ಇಂಗ್ಲಿಷಲ್ಲಿ ಹಾಗಂತಾರನಾ?"

ಬೋರ್ಡು

ಭಾವ ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದರು: "ಇಲ್ಲಿ ಬರೆಸಲಾಗುತ್ತದೆ."

ಮಾರನೇ ದಿನವೇ ಮುತ್ತಿನಕೊಪ್ಪದ ಕಡೆಯ ಒಬ್ಬ ಅಜ್ಜ ಛಾಪಾಕಾಗದ ಹಿಡಿದುಕೊಂಡು ಬಂದು ಕುರ್ಚಿ ಎಳೆದು ಕೂತ.

"ತೋಟ ಪಾಲು ಮಾಡ್ಬೇಕು. ಬರೀರಿ."

"ಅಜ್ಜ, ನಾವು ಬರೆಯೋದಿಲ್ಲ. ಬರೆಸ್ತೇವೆ."

"ಯಾರ ಹತ್ರ?"

"ನಿಮ್ಮ ಹತ್ರಾನೇ."

ಅಜ್ಜ ನನ್ನನ್ನು ನೋಡಿದ, ಬಾಗಿಲ ಕಡೆ ತಿರುಗಿ ಬೋರ್ಡು ನೋಡಿದ. "ನಾನೇ ಬರೀಬೇಕಾದ್ರೆ ನೀವಿಬ್ಬರು ಇಲ್ಲಿ ಎಂತಕ್ಕೆ ಕೂತಿದ್ದು?"

ಭಾವ ಕಂಪನಿಯ ಮರ್ಯಾದೆ ಉಳಿಸಲು ಮುಂದೆ ಬಂದರು. "ನೀವು ಬರೆದದ್ದನ್ನು ಇಪ್ಪತ್ತು ಜನ ಓದಿ, ಚೆನ್ನಾಗಿದೆ ಅಂತಾರೆ ಅಜ್ಜ."

ಅಜ್ಜ ಛಾಪಾಕಾಗದ ಮಡಚಿದ. "ಅದೂ ಬೇಕಾದ್ದೇ ಬಿಡಿ. ಮೂರು ಸಲ ಪಾಲುಪಟ್ಟಿ ಮಾಡಿಸಿದೆ. ನಮ್ಮನೇಲಿ ಒಬ್ಬನೂ ಚೆನ್ನಾಗಿದೆ ಅನ್ಲಿಲ್ಲ."

ಮೈಲುತುತ್ತ

ನಮಗೆ ಸಿಕ್ಕ ಮೊದಲ ಗುಂಪು ಅಡಿಕೆ ಬೆಳೆಗಾರರದ್ದು. ಎಲ್ಲರೂ ಸೇರಿ ಒಂದು ಪ್ರೇಮ ಕಾದಂಬರಿ ಬರೆಯುವುದೆಂದು ತೀರ್ಮಾನವಾಯಿತು. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಮುಂದುವರಿಸಬೇಕು.

ಐದು ಅಧ್ಯಾಯ ಚೆನ್ನಾಗಿಯೇ ಹೋಯಿತು. ಐದನೆಯದರ ಕೊನೆಯಲ್ಲಿ ಹುಡುಗ ಹುಡುಗಿಯನ್ನು ತೋಟಕ್ಕೆ ಕರೆದು, "ನಿನಗೊಂದು ಮಾತು ಹೇಳಬೇಕು" ಎಂದ. ಹುಡುಗಿ ಮುಖ ಎತ್ತಿದಳು. ಆರನೆಯ ಅಧ್ಯಾಯ ಬೇಗಾರಿನ ಒಬ್ಬ ಬೆಳೆಗಾರರ ಪಾಲಿಗೆ ಬಂತು. ಅದರಲ್ಲಿ ಹುಡುಗ ಹುಡುಗಿಯ ತಲೆಯ ಮೇಲಿಂದ ಮರದ ತುದಿ ನೋಡಿ ಹೇಳಿದ ಮಾತು: "ಕೊಳೆ ಬಂದಿದೆ." ಅಲ್ಲಿಂದ ನಾಲ್ಕು ಪುಟ, ಆ ಅಡಿಕೆ ರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ತಯಾರಿಸುವ ಕ್ರಮ.

ನಾನು ಫೋನ್ ಮಾಡಿದೆ. "ಪ್ರೀತಿ ವಿಷಯ ಎಲ್ಲಿ ಹೋಯ್ತು?"

"ಮೊದಲು ಕೊಳೆ ನಿಲ್ಲಲಿ ತಂಗಿ. ಹುಡುಗಿ ಎಲ್ಲಿಗೂ ಓಡಿ ಹೋಗೋದಿಲ್ಲ."

ಆ ಅಧ್ಯಾಯಕ್ಕೆ ಬಂದಷ್ಟು ಅಭಿಪ್ರಾಯ ಯಾವುದಕ್ಕೂ ಬರಲಿಲ್ಲ. ಮೈಲುತುತ್ತದ ನೀರಿಗೆ ಸುಣ್ಣ ಹಾಕಬೇಕೋ, ಸುಣ್ಣದ ನೀರಿಗೆ ಮೈಲುತುತ್ತವೋ ಎಂದು ಗುಂಪು ಎರಡಾಯಿತು. ಏಳನೆಯವರು ತಮ್ಮ ಅಧ್ಯಾಯವನ್ನಿಡೀ ಆರನೆಯವರ ಅಳತೆ ತಪ್ಪು ಎಂದು ಸಾಧಿಸುವುದಕ್ಕೇ ಬಳಸಿದರು. ಎಂಟನೆಯವರು ಅದಕ್ಕೆ ಉತ್ತರ ಕೊಟ್ಟರು.

ಮೂರು ವಾರ ಮುಗಿಯುವಾಗ ಕಾದಂಬರಿಯ ಮರಗಳೆಲ್ಲ ಹುಷಾರಾಗಿದ್ದವು. ಹುಡುಗಿ ಮಾತ್ರ ಮುಖ ಎತ್ತಿಕೊಂಡು ಹಾಗೇ ನಿಂತಿದ್ದಳು.

ಕಣ್ಣೀರು ತರಿಸಿದ ಬರಹ

ಹಳೇ ವಿದ್ಯಾರ್ಥಿಗಳ ಗುಂಪಿನಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದರು. ಅವರ ಸರದಿ ಬಂದ ದಿನ ಅವರಿಂದ ಮೇಲ್ ಬಂತು. ನಾನು ಬಿಚ್ಚಿಯೂ ನೋಡದೆ ಗುಂಪಿಗೆ ಕಳಿಸಿದೆ. ಆಗ ಒಬ್ಬೊಬ್ಬರದ್ದು ಒಂದೊಂದು ಫಾಂಟು. ಅವರ ಫಾಂಟು ಯಾರ ಕಂಪ್ಯೂಟರಿಗೂ ಹಿಡಿಸದೆ ಇಡೀ ಬರಹ ಕೊಂಬು, ಸೊನ್ನೆ, ಎಬಿಸಿಡಿಯ ಕಲಸುಮೇಲೋಗರವಾಗಿತ್ತು. ಒಂದಕ್ಷರ ಓದುವ ಹಾಗಿರಲಿಲ್ಲ.

ನನಗೆ ಅದು ಗೊತ್ತಾಗುವ ಹೊತ್ತಿಗೆ ಅಭಿಪ್ರಾಯಗಳು ಬಂದುಬಿಟ್ಟಿದ್ದವು. "ಅದ್ಭುತ!" "ಕೊನೆಯ ಸಾಲು ಓದಿ ಕಣ್ಣಲ್ಲಿ ನೀರು ಬಂತು." "ನಮ್ಮ ಹಾಸ್ಟೆಲ್ ದಿನಗಳು ಕಣ್ಣೆದುರು ಬಂದವು." ಒಬ್ಬರು ಮಾತ್ರ ನಿಷ್ಠುರವಾಗಿ, "ಸ್ವಲ್ಪ ಉದ್ದವಾಯಿತು" ಎಂದಿದ್ದರು.

ಭಾವ ಅರ್ಧ ದಿನ ಕೂತು ಅದನ್ನು ಸರಿಯಾದ ಕನ್ನಡಕ್ಕೆ ತಂದರು. ಅದರಲ್ಲಿದ್ದದ್ದು ಇಷ್ಟೇ: "ಜ್ವರ ಬಂದಿರುವುದರಿಂದ ಈ ವಾರ ನನ್ನಿಂದ ಬರೆಯಲಾಗುವುದಿಲ್ಲ. ಕ್ಷಮಿಸಿ."

ಹೆದರಿಕೊಂಡೇ ಮ್ಯಾನೇಜರಿಗೆ ಫೋನ್ ಮಾಡಿ, "ಹುಷಾರಾದ ಮೇಲೆ ಬರೆದು ಕಳಿಸಿ ಸಾರ್" ಎಂದೆ.

"ಬೇಡಮ್ಮ," ಎಂದರು. "ಇಷ್ಟು ಒಳ್ಳೆ ಹೆಸರು ಬಂದಿದೆ. ಬರೆದು ಯಾಕೆ ಹಾಳು ಮಾಡ್ಕೊಳ್ಳಲಿ?"

ಲೈನ್‌ಮ್ಯಾನ್

ಗಾಳಿಗೆ ಒಂದು ಕೊಂಬೆ ಮುರಿದು ಬಿದ್ದರೆ ನಮ್ಮ ಫೋನ್ ಲೈನು ಸತ್ತುಹೋಗುತ್ತಿತ್ತು. ಲೈನ್‌ಮ್ಯಾನಿಗೆ ಹೇಳಿದರೆ, "ನಾಳೆ ನೋಡುವ ಅಕ್ಕ" ಎನ್ನುವವ. ಅವನ ನಾಳೆ ಬರಲು ನಾಲ್ಕು ದಿನ ಬೇಕು.

ಒಮ್ಮೆ ರಿಪೇರಿಗೆ ಬಂದವ, ಸರಿಯಾಯಿತೋ ಇಲ್ಲವೋ ನೋಡಲು ಕಂಪ್ಯೂಟರ್ ಮುಂದೆ ಕೂತ. ತೆರೆಯ ಮೇಲೆ ಶೃಂಗೇರಿಯ ಒಂದು ಗುಂಪಿನ ಪತ್ತೇದಾರಿ ಕಥೆಯಿತ್ತು. ಓದಿದ. ಹಿಂದಿನ ಕಂತನ್ನೂ ಓದಿದ. ಎರಡು ಲೋಟ ಕಾಫಿ ಕುಡಿದು ಮೊದಲಿಂದ ಓದಿದ. ಹೋಗುವಾಗ, "ಆ ಕಾಂಪೌಂಡರ್ ಮೇಲೆ ನಂಗೆ ಅನುಮಾನ ಉಂಟು ಅಕ್ಕ" ಎಂದ.

ಅಂದಿನಿಂದ ಲೈನು ಹೋದ ಅರ್ಧ ಗಂಟೆಯಲ್ಲಿ ಅವನೇ ಏಣಿ ಹೊತ್ತು ಹಾಜರು. ಭಾವ ಇದನ್ನು ಚೆನ್ನಾಗಿ ಬಳಸಿಕೊಂಡರು. ಗಾಳಿಯ ಲಕ್ಷಣ ಕಂಡರೆ ಸಾಕು, ಬರೆಯುವವರಿಗೆ ಫೋನ್ ಮಾಡಿ, "ಇವತ್ತಿನ ಕಂತಲ್ಲಿ ಒಂದು ಕೊಲೆ ಇರಲಿ" ಎನ್ನುತ್ತಿದ್ದರು. ಆ ಗುಂಪು ಮುಗಿಯುವವರೆಗೂ ನಮ್ಮ ಲೈನು ಒಂದು ದಿನವೂ ಸತ್ತು ಮಲಗಲಿಲ್ಲ. ಕಥೆಯಲ್ಲಿ ಕಾಂಪೌಂಡರನ್ನೂ ಸೇರಿಸಿ ಒಂಬತ್ತು ಜನ ಹೋದರು.

ಸಾಸಿವೆ ಮತ್ತು ಇಂಗು

ಇದು ನಮ್ಮ ಕಂಪನಿ ಉಳಿಯುತ್ತದೋ ಮುಳುಗುತ್ತದೋ ಎಂಬ ಹೊತ್ತಿನದು. ಮಂಗಳೂರಿನ ಒಬ್ಬ ಮೇಡಂ ಹೆಂಗಸರ ಆರು ಗುಂಪುಗಳನ್ನು ನೋಡಿಕೊಳ್ಳುತ್ತಿದ್ದರು. ಮೊದಲು ಅಡುಗೆ ಗುಂಪೊಂದನ್ನು ನಮಗೆ ಕೊಟ್ಟರು. ಇದು ಹಿಡಿಸಿದರೆ ಉಳಿದವೆಲ್ಲ ನಮಗೆ, ಇಲ್ಲದಿದ್ದರೆ ನಾನು ವಾಪಸ್ ಟೈಪಿಂಗಿಗೆ.

ಎಲ್ಲರೂ ಮನಸ್ಸು ಬಿಚ್ಚಿ ಬರೆಯಲಿ ಎಂದು ಗುಟ್ಟಿನ ಹೆಸರು ಇಟ್ಟುಕೊಳ್ಳಲು ಹೇಳಿದೆವು. "ಸಾಸಿವೆ" ಎಂಬವಳು ತನ್ನ ಅತ್ತೆಯ ಬಗ್ಗೆ ಬರೆದಳು: ಮದುವೆಯಾಗಿ ಹನ್ನೊಂದು ವರ್ಷವಾಯಿತು, ಈಗಲೂ ನಾನು ಸಾರಿಗೆ ಉಪ್ಪು ಹಾಕಿ ಆಚೆ ಹೋದರೆ ಸಾಕು, ಅತ್ತೆ ಬಂದು ಮತ್ತೊಂದು ಚಿಟಿಕೆ ಹಾಕುತ್ತಾರೆ. "ಇಂಗು" ಎಂಬವರು ತಮ್ಮ ಸೊಸೆಯ ಬಗ್ಗೆ ಬರೆದರು: ಅವಳು ಹಾಕುವ ಉಪ್ಪು ಇರುವೆಗೂ ಸಾಲದು.

ಇಬ್ಬರಿಗೂ ಭಾರೀ ಸ್ನೇಹವಾಯಿತು. ಇಂಗು ಉಪಾಯ ಹೇಳಿಕೊಟ್ಟರು: "ಮಗಳೇ, ನೀನು ಉಪ್ಪು ಹಾಕುವುದನ್ನೇ ಬಿಟ್ಟು ನೋಡು." ಸಾಸಿವೆಯೂ ಹೇಳಿದಳು: "ಅಮ್ಮ, ನೀವು ಮೇಲಿಂದ ಹಾಕುವುದನ್ನು ನಿಲ್ಲಿಸಿ. ಅವಳ ಕೈರುಚಿ ಅವಳೇ ಉಣ್ಣಲಿ."

ಸೋಮವಾರ ಎರಡು ಮೇಲ್ ಬಂದವು. ಸಾಸಿವೆಯದ್ದು: "ನಿನ್ನೆ ಸಾರಿಗೆ ಉಪ್ಪೇ ಇರಲಿಲ್ಲ. ಅತ್ತೆ ಸೋತರು! ನಮ್ಮನೆಯವರು ಪಾಪ, ಮಾತಾಡದೆ ಉಂಡರು." ಇಂಗು ಅವರದ್ದು: "ನಿನ್ನೆ ಸಾರಿಗೆ ಉಪ್ಪೇ ಇರಲಿಲ್ಲ. ಸೊಸೆ ಸೋತಳು! ಮಗ ಪಾಪ, ಮಾತಾಡದೆ ಉಂಡ."

ನಾನು ಎರಡನ್ನೂ ಇನ್ನೊಮ್ಮೆ ಓದಿದೆ. ಅರ್ಜಿ ಫಾರಂ ತೆಗೆದು ನೋಡಿದೆ. ಎರಡರಲ್ಲೂ ನರಸಿಂಹರಾಜಪುರದ ಒಂದೇ ಮನೆಯ ವಿಳಾಸ. ಸೊಸೆ ಆಫೀಸಿನ ಕಂಪ್ಯೂಟರಲ್ಲಿ, ಅತ್ತೆ ಲೈಬ್ರರಿಗೆಂದು ಹೇಳಿ ಸೈಬರ್ ಸೆಂಟರಲ್ಲಿ ಕೂತು ಬರೆಯುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಮುಂದಿನ ವಾರವೇ ಕೊಪ್ಪದಲ್ಲಿ ಸಮಾರೋಪ. ವೇದಿಕೆಯ ಮೇಲೆ ಎಲ್ಲರ ಗುಟ್ಟು ಬಿಚ್ಚುವುದು ಮಂಗಳೂರಿನ ಮೇಡಂ ಅವರದೇ ಯೋಜನೆ. ನಾನು ಇಂಗು ಅವರಿಗೆ ಫೋನ್ ಮಾಡಿ, "ಬಸ್ಸಲ್ಲಿ ಕಷ್ಟ ಆಗ್ತದೆ, ಬರೋದು ಬೇಡ ಅಮ್ಮ" ಎಂದೆ.

"ಎಂತ ಮಾತು ಹೇಳ್ತಿ! ನನ್ನ ಸಾಸಿವೆಯನ್ನು ನೋಡ್ಬೇಕು ನಾನು. ಅಂಥ ಸೊಸೆ ಸಿಕ್ಕಿದ್ರೆ ನನ್ನ ಬದುಕೇ ಬೇರೆ ಇರ್ತಿತ್ತು."

ಇಬ್ಬರೂ ಬಂದರು, ಬೇರೆ ಬೇರೆ ಬಸ್ಸಿನಲ್ಲಿ. ಭಾವ ಒಬ್ಬರನ್ನು ಮೊದಲ ಸಾಲಿನ ಈ ತುದಿಗೆ, ಇನ್ನೊಬ್ಬರನ್ನು ಕೊನೆಯ ಸಾಲಿನ ಕಂಬದ ಹಿಂದೆ ಕೂರಿಸಿದರು. ಮೇಡಂ ಮೈಕ್ ಹಿಡಿದು ಮೊದಲಿಗೆ ಕರೆದದ್ದೇ ಅವರಿಬ್ಬರನ್ನು, ಗುಟ್ಟಿನ ಹೆಸರಲ್ಲಿ.

ಅತ್ತೆ ಆ ಕಡೆಯ ಮೆಟ್ಟಿಲು ಹತ್ತಿದರು, ಸೊಸೆ ಈ ಕಡೆಯದ್ದು. ನಡುವೆ ಬಂದು ಇಬ್ಬರೂ ಕಂಬವಾದರು. ಮೈಕ್ ಆನ್ ಇತ್ತು.

"ನೀನು ಹಲ್ಲು ಕೀಳಿಸ್ಲಿಕ್ಕೆ ಹೋದವಳಲ್ವನೇ?"

"ನೀವು ಶೃಂಗೇರಿಗೆ ಹೋದವರಲ್ವಾ ಅತ್ತೆ?"

ನಾನು ಮನಸ್ಸಿನಲ್ಲೇ ಟೈಪ್‌ರೈಟರುಗಳ ಧೂಳು ಒರೆಸತೊಡಗಿದೆ. ಅತ್ತೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, ಮೈಕಿನ ಹತ್ತಿರ ಬಂದು ಗಂಭೀರವಾಗಿ ಹೇಳಿದರು: "ಬರೆಯೋದು ಚೆನ್ನಾಗೇ ಬರೀತಾಳೆ. ಆದ್ರೆ ಅವಳು ಬರೆದ ಆ ಅತ್ತೆ ನಾನಲ್ಲ."

ಸೊಸೆಯೂ ಮೈಕಿಗೆ ಬಾಗಿದಳು. "ಇವರ ಆ ಸೊಸೆಯೂ ನಾನಲ್ಲ."

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಮೊದಲು ಅತ್ತೆಗೆ ನಗು ತಡೆಯಲಾಗಲಿಲ್ಲ, ಆಮೇಲೆ ಸೊಸೆಗೆ. ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುತ್ತಾ ಒಂದೇ ಮೆಟ್ಟಿಲಿಂದ ಇಳಿದರು.

ಊಟದ ಹೊತ್ತಿಗೆ ಮೇಡಂ ನನ್ನ ಕೈ ಕುಲುಕಿ, "ಆರೂ ಗುಂಪು ನಿಮಗೇ" ಎಂದರು. "ಏನು ನಾಟಕ ಮಾಡಿಸಿದ್ರಿ! ಎಷ್ಟು ಸಹಜ! ಎಷ್ಟು ದಿನ ಪ್ರಾಕ್ಟೀಸ್ ಮಾಡಿಸಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಭಾವ ಉತ್ತರ ಕೊಟ್ಟರು: "ಹನ್ನೊಂದು ವರ್ಷ ಮೇಡಂ. ಮನೆಯಲ್ಲೇ."