ಅಮೇರಿಕಾದ ಓಟು, ಹಲಸೂರಿನ ಪರದೆ

ಕ್ಷೌರದಂಗಡಿ ಇಟ್ಟವನಿಗೆ ಇಂಥದ್ದೆಲ್ಲ ತಪ್ಪುವುದಿಲ್ಲ. ಕೂತವನ ತಲೆ ನಮ್ಮ ಕೈಯಲ್ಲಿರುತ್ತೆ ನಿಜ, ಆದರೆ ಅದರೊಳಗಿರುವುದೆಲ್ಲ ನಮ್ಮ ತಲೆಗೇ ಬಂದು ಬೀಳುತ್ತೆ.

ಯುದ್ಧದ ಕಾಲ. ಹಲಸೂರಿನಲ್ಲಿ ನಾನೂ, ಈಗ ಶಿವಾಜಿನಗರ ಅನ್ನುವ ಬ್ಲಾಕ್‌ಪಳ್ಳಿಯ ಒಬ್ಬ ಭಾಯಿಯೂ ಪಾಲಿನಲ್ಲಿ ಅಂಗಡಿ ನಡೆಸುತ್ತಿದ್ದೆವು. ಮದುವೆಗೆ ಮುಂಚಿನ ಸ್ನೇಹ ನಮ್ಮದು. ಅದು ಮುರಿದುಬೀಳುವುದರಲ್ಲಿತ್ತು, ಅದೂ ನಾವು ಕಣ್ಣಲ್ಲೂ ಕಾಣದ ಒಬ್ಬ ಮನುಷ್ಯನಿಗಾಗಿ.

ಎರಡು ಕುರ್ಚಿ

ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಬಂದಿದ್ದ ಅಮೇರಿಕಾದ ಸೋಲ್ಜರುಗಳು ನಮ್ಮಲ್ಲಿಗೇ ಬರುತ್ತಿದ್ದರು. ಆ ವರ್ಷ ಅವರ ಅಧ್ಯಕ್ಷ ನಾಲ್ಕನೇ ಸಲ ಚುನಾವಣೆಗೆ ನಿಂತಿದ್ದ. ಯುದ್ಧ ಗೆಲ್ಲಿಸುವುದಕ್ಕೆ ಅವನೇ ಬೇಕು ಅಂತ ಕೆಲವರು. ಇದೇನು ರಾಜಪಟ್ಟವಾ, ಇಳಿಯಲಿ ಅಂತ ಉಳಿದವರು. ಜಗಳ ಎಷ್ಟು ಬಲಿಯಿತೆಂದರೆ ಒಂದು ಪಾರ್ಟಿಯವನು ಕೂತೆದ್ದ ಕುರ್ಚಿಯಲ್ಲಿ ಇನ್ನೊಂದು ಪಾರ್ಟಿಯವನು ಕೂರುತ್ತಿರಲಿಲ್ಲ. ಹಾಗಾಗಿ ನನ್ನ ಕುರ್ಚಿ ಅಧ್ಯಕ್ಷನ ಪಾರ್ಟಿಗಾಯಿತು, ಭಾಯಿಯದು ಎದುರು ಪಾರ್ಟಿಗೆ.

ನಮ್ಮ ಕಸುಬಿನಲ್ಲಿ ಗಿರಾಕಿ ಏನೇ ಹೇಳಲಿ, "ಎಸ್ ಸಾರ್" ಅನ್ನಬೇಕು. ಕತ್ತಿ ಹಿಡಿದವನು ವಾದಕ್ಕಿಳಿದರೆ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಹೋಗುತ್ತಾನೆ. ಬೆಳಗಿನಿಂದ ಸಂಜೆವರೆಗೆ ಎಸ್ ಸಾರ್ ಅಂದೂ ಅಂದೂ, ಕೊನೆಗೆ ನಾವಿಬ್ಬರೂ ನಮ್ಮ ನಮ್ಮ ಗಿರಾಕಿಗಳ ಮಾತನ್ನು ನಂಬಿಯೇಬಿಟ್ಟೆವು.

ಒಂದು ದಿನ ಬಾಗಿಲು ಹಾಕುವಾಗ ಭಾಯಿ ಕೇಳಿದ, "ನಿಮ್ಮೋನಿಗೆ ಎಷ್ಟು ಸಲ ಆದ್ರೆ ಸಾಕಾಗುತ್ತಯ್ಯಾ?"

"ನಿಮ್ಮೋನಿಗೆ ಒಂದು ಸಲ ಆದ್ರೂ ಆಗೋ ಯೋಗ್ಯತೆ ಇದ್ಯಾ?" ಅಂದೆ.

ಅವನು ಒಂದು ಕದ ಎಳೆದ, ನಾನೊಂದು ಕದ ಎಳೆದೆ, ಇಬ್ಬರೂ ಬಿರಬಿರನೆ ಮನೆಗೆ ಹೋದೆವು. ಅವತ್ತು ಅಂಗಡಿಗೆ ಬೀಗ ಹಾಕಿದವರು ಯಾರೂ ಇಲ್ಲ.

ಸತ್ತವನ ಓಟು

ಭಾಯಿಯ ಕುರ್ಚಿಗೆ ಬರುತ್ತಿದ್ದ ಒಬ್ಬ ಹುಡುಗ, ಇಪ್ಪತ್ತು ದಾಟಿದ್ದನೋ ಏನೋ, ಟಪಾಲಿನಲ್ಲಿ ಓಟು ಕಳಿಸಿ ಬರ್ಮಾ ಕಡೆ ಹೋದ. ಅಲ್ಲೇ ತೀರಿಕೊಂಡ ಅಂತ ಸುದ್ದಿ ಬಂತು. ಭಾಯಿ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಸೋಲ್ಜರುಗಳು ಮಾತ್ರ ಅದಕ್ಕೂ ಜಗಳ ತೆಗೆದರು. ಅವನ ಓಟು ನಡೆಯುತ್ತೆ ಅಂತ ಅವನ ಪಾರ್ಟಿಯವರು, ನಡೆಯಲ್ಲ ಅಂತ ಅಧ್ಯಕ್ಷನ ಪಾರ್ಟಿಯವರು. ಬೆಂಚಿನ ಮೇಲೆ ಕಾದು ಕೂತಿದ್ದ ಪಿಂಚಣಿ ಮೇಷ್ಟ್ರು ಏನು ಗಲಾಟೆ ಅಂತ ಕೇಳಿದರು. ಹೇಳಿದೆ.

"ನಮ್ಮಲ್ಲಿ ಆಸ್ತಿ ಇಲ್ಲ ಅಂತ ಬದುಕಿರೋ ನಿಮ್ಮಂಥೋರಿಗೇ ಓಟಿಲ್ಲ, ಅಲ್ಲಿ ಸತ್ತೋರ ಓಟಿಗೂ ಹೊಡೆದಾಟವಾ?" ಅಂದರು ಮೇಷ್ಟ್ರು. "ಬೇಗ ಕತ್ತರಿಸಪ್ಪ, ನಾನೂ ಅಮೇರಿಕಾಕ್ಕೆ ಟಿಕೀಟು ಮಾಡಿಸ್ತೀನಿ."

ಪರದೆ

ಅಧ್ಯಕ್ಷ ಗೆದ್ದ. ಸಕ್ಕರೆ ರೇಷನ್ನಿನಲ್ಲಿದ್ದುದರಿಂದ ನಾನು ಬೆಲ್ಲ ಹಂಚಿದೆ. ಭಾಯಿಗೂ ಒಂದು ಚೂರು ಹಿಡಿದೆ. ಅವನು ಮುಟ್ಟಲಿಲ್ಲ. ಮಾರನೆಯ ದಿನ ಬಂದು ನೋಡಿದರೆ ಎರಡು ಕುರ್ಚಿಗಳ ನಡುವೆ ಹಳೇ ಸೀರೆಯ ಪರದೆ ಇಳಿಬಿಟ್ಟಿದ್ದ. ಚುನಾವಣೆ ಮುಗಿದದ್ದೇ ತಡ ಸೋಲ್ಜರುಗಳು ಹೆಗಲ ಮೇಲೆ ಕೈ ಹಾಕಿಕೊಂಡು ಒಟ್ಟಿಗೇ ಬರತೊಡಗಿದರು. ನಮ್ಮ ಪರದೆ ಮಾತ್ರ ಹಾಗೇ ಇತ್ತು, ಮಾತೂ ನಿಂತಿತ್ತು.

ಆಗ ಊರಲ್ಲೆಲ್ಲ ದೇಶ ಎರಡಾಗುತ್ತೆ ಅನ್ನುವ ಮಾತು. ಪರದೆ ಕಂಡವರಿಗೆ ಗಾಬರಿಯಾಯಿತು. ಮಸೀದಿಯ ಹಿರಿಯರೂ ನಮ್ಮ ಬೀದಿಯ ಯಜಮಾನರೂ ಒಟ್ಟಿಗೇ ಬಂದು ಬೆಂಚಿನ ಮೇಲೆ ಕೂತರು.

"ಏನ್ರಯ್ಯಾ, ಹಿಂದೂ ಮುಸಲ್ಮಾನ್ ಅಂತ ನೀವೂ ಶುರು ಮಾಡ್ಬಿಟ್ರಾ? ದೇಶದ ಜಗಳ ಅಂಗಡಿ ಒಳಕ್ಕೂ ಬಂತಾ?" ಅಂತ ಯಜಮಾನರು ನೊಂದುಕೊಂಡು ಕೇಳಿದರು.

ಪರದೆಯ ಆ ಕಡೆಯಿಂದ ಭಾಯಿ ಹೇಳಿದ, "ಬಂದಿರೋದು ದೇಶದ ಜಗಳವೇ ಸ್ವಾಮಿ. ಆದ್ರೆ ನಮ್ಮ ದೇಶದ್ದಲ್ಲ."

ಬೋಳು ತಲೆ

ಕ್ಷೌರಿಕನ ತಲೆಗೆ ಇನ್ನೊಬ್ಬ ಕ್ಷೌರಿಕನೇ ಬೇಕು. ನಾವಿಬ್ಬರೂ ಮಂಗಳವಾರ, ಅಂಗಡಿ ರಜೆಯ ದಿನ, ಒಬ್ಬರ ತಲೆ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಮಾತು ಬಿಟ್ಟ ಮೇಲೆ ಅದೂ ನಿಂತಿತು. ಬೇರೆ ಅಂಗಡಿಗೆ ಹೋಗುವುದಕ್ಕೆ ಮಾನ ಅಡ್ಡ. ಇಬ್ಬರ ಕೂದಲೂ ಹೆಗಲಿಗಿಳಿದು, ಗಿರಾಕಿಗಳು ಬಾಗಿಲಲ್ಲೇ ನಮ್ಮನ್ನು ನೋಡಿ ವಾಪಸು ಹೋಗುತ್ತಿದ್ದರು. ಅಂಗಡಿ ಮುಚ್ಚುವ ಕಾಲ ಹತ್ತಿರ ಬಂದಿತ್ತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ರೇಡಿಯೋದಲ್ಲಿ ಅಧ್ಯಕ್ಷ ತೀರಿಕೊಂಡ ಸುದ್ದಿ ಬಂತು. ನಾನು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಪರದೆ ಸರಿಯಿತು.

"ನಿಮ್ಮೋರು ಹೋಗ್ಬಿಟ್ರಂತೆ," ಅಂದ ಭಾಯಿ.

"ಹೂಂ," ಅಂದೆ.

ಅವನು ಬಟ್ಟೆ ಹೊದಿಸಿ, ತಲೆಗೆ ನೀರು ಹಾಕಿ, ಕತ್ತಿ ತೆಗೆದ. ಕತ್ತಿ ನೇರವಾಗಿ ನೆತ್ತಿಗೇ ಬಂತು. ನಮ್ಮಲ್ಲಿ ಅಪ್ಪ ಸತ್ತರೆ ಮಗ ತಲೆ ಬೋಳಿಸಿಕೊಳ್ಳುವುದು ಅವನಿಗೆ ಗೊತ್ತು. ದುಃಖಕ್ಕೆ ಮಾಡಿದನೋ ತಮಾಷೆಗೆ ಮಾಡಿದನೋ ಇವತ್ತಿಗೂ ತಿಳಿಯದು. ಬೇಡ ಅಂದರೆ ಎಲ್ಲಿ ಮತ್ತೆ ಪರದೆಯ ಆಚೆ ಹೋಗಿಬಿಡುತ್ತಾನೋ ಅಂತ ಹೆದರಿ ಉಸಿರೆತ್ತಲಿಲ್ಲ. ಮೀಸೆಯೂ ಹೋಯಿತು. ಅವನ ಕಣ್ಣೂ ಒದ್ದೆಯಾಗಿತ್ತು, ನನ್ನದೂ.

ಇಬ್ಬರೂ ಒಟ್ಟಿಗೇ ನನ್ನ ಮನೆಗೆ ಹೋದೆವು. ನನ್ನಪ್ಪ ಬೆಳಿಗ್ಗೆಯೇ ಕೆರೆ ಕಡೆ ಹೋದವನು ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿ ನನ್ನ ಬೋಳು ತಲೆ ನೋಡಿದ ಹೆಂಡತಿ "ಅಯ್ಯೋ ಮಾವಾ!" ಅಂತ ಕುಸಿದು ಕೂತಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಬೀದಿಯೆಲ್ಲ ಸೇರಿತು. ಎದುರು ಮನೆಯವನು ಚಟ್ಟಕ್ಕೆ ಬಿದಿರು ತರುವುದಕ್ಕೆ ಹೊರಟೇಬಿಟ್ಟ.

ಗುಂಪನ್ನು ಸರಿಸಿಕೊಂಡು ಅಪ್ಪ ಬಂದ. "ಯಾರು ಹೋದ್ರೋ?" ಅಂತ ಕೇಳಿದ.

"ಅಮೇರಿಕಾದೋರು," ಅಂದೆ.

ಅಪ್ಪ ನನ್ನ ತಲೆ ನೋಡಿದ, ಭಾಯಿಯ ಮುಖ ನೋಡಿದ. "ನೀನೇನಪ್ಪಾ ಬೋಳ್ಸಿದ್ದು?"

"ಹೂಂ ತಾತಾ," ಅಂದ ಭಾಯಿ ಮೆಲ್ಲಗೆ.

"ಸದ್ಯ, ಇಬ್ರೂ ಮಾತಾಡಿದ್ರಲ್ಲ. ನಾನು ಹೋದಾಗ್ಲೂ ಇವನಿಗೆ ನೀನೇ ಬೋಳ್ಸು," ಅಂದ ಅಪ್ಪ. "ಆದ್ರೆ ನಾನು ಹೋದ್ಮೇಲೆ."